ಸಲಹೆಗಳೇನಾದರೂ ಇದ್ದಲ್ಲಿ

ಇಂಥವೆಲ್ಲ ನನಗೇ ಯಾಕೆ ಆಗುತ್ತವೆ ಎಂದು ಬಹಳ ದಿನ ಯೋಚಿಸಿದ್ದೇನೆ. ಕೊನೆಗೆ ತಿಳಿದದ್ದು ಇಷ್ಟು: ಇವು ಎಲ್ಲರಿಗೂ ಆಗಬಹುದಾದವೇ, ಆದರೆ ಉಳಿದವರಿಗೆ ಇನ್ನೊಬ್ಬರ ಅಭಿಪ್ರಾಯ ಕೇಳುವ ಚಟ ಇರುವುದಿಲ್ಲ. ಯಾರನ್ನೂ ಏನೂ ಕೇಳದೆ ಕೆಲಸ ಮಾಡುವವರ ಬದುಕು ಸಪಾಟಾಗಿ ಸಾಗುತ್ತದೆ. ನನಗೆ ಕೇಳುವುದೇ ಕೆಲಸವಾಗಿತ್ತು.

ಎಂಬತ್ತರ ದಶಕದ ನಡುಗಾಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಈ ನಾಲ್ಕು ಊರುಗಳ ಒಂದೊಂದು ಹೈಸ್ಕೂಲಿಗೆ ಒಂದೊಂದು ಕಂಪ್ಯೂಟರ್ ಬಂದಿತ್ತು. ಕಂಪ್ಯೂಟರ್ ಎಂದರೆ ಟೈಪ್‌ರೈಟರಿನಂಥ ಒಂದು ಡಬ್ಬಿ, ಅದಕ್ಕೊಂದು ಟಿವಿ, ಪಕ್ಕದಲ್ಲೊಂದು ಟೇಪ್ ರೆಕಾರ್ಡರ್. ಇದರ ಮೇಲೆ ಮಕ್ಕಳಿಗೆ ಪ್ರೋಗ್ರಾಂ ಬರೆಯುವುದನ್ನು ಕಲಿಸುವ ಪಾಠವೊಂದನ್ನು ನಾನು ತಯಾರಿಸಿದ್ದೆ. ಟಿವಿಯ ಮೇಲೆ ಒಂದು ತ್ರಿಕೋನ ಕಾಣಿಸುತ್ತಿತ್ತು. ಅದಕ್ಕೆ ಆಮೆ ಎಂದು ಹೆಸರು. ‘ಹೋಗು 50’ ಎಂದು ಬರೆದರೆ ಗೆರೆ ಎಳೆಯುತ್ತ ಐವತ್ತು ಹೆಜ್ಜೆ ಹೋಗುತ್ತಿತ್ತು. ‘ಬಲ’ ಎಂದರೆ ಬಲಕ್ಕೆ ತಿರುಗುತ್ತಿತ್ತು. ಆಮೆಗೆ ಆಜ್ಞೆ ಮಾಡುತ್ತ ಮಾಡುತ್ತ ಮಗು ಯಂತ್ರಕ್ಕೆ ಆಜ್ಞೆ ಮಾಡಲು ಕಲಿಯಬೇಕು, ಅದು ಉದ್ದೇಶ. ಯಂತ್ರಕ್ಕೆ ಕನ್ನಡದ ಲಿಪಿ ಬರುತ್ತಿರಲಿಲ್ಲವಾದ್ದರಿಂದ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆಯುತ್ತಿದ್ದೆವು.

ಹದಿನೈದು ದಿನಕ್ಕೊಮ್ಮೆ ಕ್ಯಾಸೆಟ್ ಹಿಡಿದು ಬಸ್ಸು ಹತ್ತಿ ನಾಲ್ಕೂ ಶಾಲೆ ತಿರುಗುವುದು, ಮಾಸ್ತರರಿಂದ ಅಭಿಪ್ರಾಯದ ನಮೂನೆ ಭರ್ತಿ ಮಾಡಿಸುವುದು, ಅವರು ಹೇಳಿದಂತೆ ಪಾಠವನ್ನು ತಿದ್ದುವುದು ನನ್ನ ನೌಕರಿ. ನೌಕರಿ ತಾತ್ಕಾಲಿಕ. ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಿಂದ ಒಬ್ಬ ಅಧಿಕಾರಿ ಬರುತ್ತಾರೆ, ನಾಲ್ಕರಲ್ಲಿ ಒಂದು ಶಾಲೆ ನೋಡುತ್ತಾರೆ. ಅಲ್ಲಿ ಒಂದೇ ಒಂದು ಮಗು, ಮಾಸ್ತರರು ಹೇಳಿಕೊಡದೆ, ಬಾಯಿಪಾಠ ಮಾಡದೆ, ತನ್ನ ತಲೆಯಿಂದಲೇ ಒಂದು ಆಜ್ಞೆ ಬರೆದು ಯಂತ್ರವನ್ನು ಕೆಲಸಕ್ಕೆ ಹಚ್ಚಿದ್ದನ್ನು ಅವರು ಕಣ್ಣಾರೆ ಕಂಡರೆ ನಾಲ್ಕೂ ಯಂತ್ರ ಉಳಿಯುತ್ತವೆ. ಕಾಣದಿದ್ದರೆ ನಾಲ್ಕೂ ಲಾರಿ ಹತ್ತುತ್ತವೆ. ಅದೇ ಲಾರಿಯಲ್ಲಿ ನನ್ನ ನೌಕರಿಯೂ ಹೋಗುತ್ತದೆ ಎಂದು ಕಾಗದದಲ್ಲಿ ಬರೆದಿರಲಿಲ್ಲ. ಬರೆಯುವ ಅಗತ್ಯವಿರಲಿಲ್ಲ.

೧. ಮೂರು ಪ್ರತಿ

ಮೊದಲು ಹೋದದ್ದು ಬಾಗಲಕೋಟೆಯ ಶಾಲೆಗೆ. ನಮಸ್ಕಾರ ಹೇಳಿ ಕುರ್ಚಿಯಲ್ಲಿ ಕೂರುವುದರೊಳಗೆ ಹೆಡ್‌ಮಾಸ್ತರರು ಭರ್ತಿ ಮಾಡಿದ ನಮೂನೆಯನ್ನು ನನ್ನ ಕೈಗಿಟ್ಟರು. ಸಹಿ ಆಗಿತ್ತು, ಶಿಕ್ಕಾ ಬಿದ್ದಿತ್ತು, ಮೂರು ಪ್ರತಿ ಇದ್ದವು.

“ಸರ್, ನಾನಿನ್ನೂ ಪಾಠ ತೋರಿಸಿಲ್ಲ” ಎಂದೆ.

“ಅದಕ್ಕೇನಾತ್ರಿ? ಪಾಠ ನೋಡಾಕ ಟೈಮ್ ಹಿಡೀತೈತಿ. ನಮೂನಿ ತುಂಬಾಕ ಏನ್ ಹಿಡೀತೈತಿ?”

ಓದಿದೆ. ಎಲ್ಲ ಪ್ರಶ್ನೆಗಳ ಮುಂದೆಯೂ ‘ತೃಪ್ತಿಕರ’ ಎಂದಿತ್ತು. ‘ಮಕ್ಕಳಿಗೆ ಅತ್ಯಂತ ಕಠಿಣವೆನಿಸಿದ ಭಾಗ ಯಾವುದು?’ ಎಂಬುದಕ್ಕೂ ‘ತೃಪ್ತಿಕರ’. ಕಟ್ಟಕಡೆಗೆ ‘ಸಲಹೆಗಳೇನಾದರೂ ಇದ್ದಲ್ಲಿ’ ಎಂದು ನಾಲ್ಕು ಗೆರೆಗಳ ಖಾಲಿ ಜಾಗ. ಅಲ್ಲಿ ಆ ಮೂಲೆಯಿಂದ ಈ ಮೂಲೆಗೆ ಒಂದು ಅಡ್ಡಗೀಟು.

ನಾನು ಹೊಸಬ, ಉತ್ಸಾಹಿ. ಇದ್ದದ್ದನ್ನು ಇದ್ದಹಾಗೆ ಬರೆಯಿರಿ, ತಪ್ಪಿದ್ದರೆ ತಿದ್ದುತ್ತೇನೆ ಎಂದು ಬೇಡಿಕೊಂಡೆ. ಹೆಡ್‌ಮಾಸ್ತರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನೀವಿನ್ನೂ ಸಣ್ಣವರದೀರಿ. ಒಮ್ಮೆ ನಾನೂ ನಮೂನಿಯೊಳಗ ಖರೆ ಬರದಿದ್ದೆ. ‘ಶಾಲೆಯ ಮಾಳಿಗೆ ಸೋರುತ್ತದೆ’ ಅಂತ.”

“ಏನಾಯ್ತು ಸರ್?”

“ಯಾಕ ಸೋರಾಕ ಹಚ್ಚೀರಿ ಅಂತ ನನಗ ನೋಟೀಸ್ ಬಂತು.”

ಆ ಶಾಲೆ ಇದ್ದ ಹಳೆಯ ಪೇಟೆ ಈಗ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. ಆ ಮೂರು ಪ್ರತಿಗಳಲ್ಲಿ ಒಂದು ಅಲ್ಲೇ ಕಪಾಟಿನಲ್ಲಿ ಉಳಿದಿತ್ತೆಂದು ನನ್ನ ಗುಮಾನಿ. ಯಾವುದಾದರೂ ನಿಜವಾದ ಆಮೆ ಅದನ್ನು ಓದಿದ್ದರೆ, ತನ್ನ ಜಾತಿಯ ಬಗ್ಗೆ ಸರಕಾರಕ್ಕೆ ಪೂರ್ತಿ ತೃಪ್ತಿ ಇದೆ ಎಂದು ತಿಳಿದಿರುತ್ತದೆ.

೨. ಶ್ರುತಿ

ನಮೂನೆಯಲ್ಲಿ ಸತ್ಯ ಸಿಗುವುದಿಲ್ಲ, ಮಾತಿನಲ್ಲಿ ಸಿಕ್ಕೀತು ಎಂದುಕೊಂಡು ಅದೇ ಶಾಲೆಯಲ್ಲಿ ಕಂಪ್ಯೂಟರಿನ ಉಸ್ತುವಾರಿ ಯಾರದೆಂದು ಕೇಳಿದೆ. ಸಂಗೀತದ ಮಾಸ್ತರರದು ಎಂದರು. ಗಣಿತದವರಿದ್ದಾರೆ, ವಿಜ್ಞಾನದವರಿದ್ದಾರೆ, ಸಂಗೀತದವರಿಗೆ ಯಾಕೆ?

“ಕಾಗದದಾಗ ‘ಕ್ಯಾಸೆಟ್’ ಅಂತ ಬರದಿತ್ತಲ್ರಿ” ಎಂದರು ಹೆಡ್‌ಮಾಸ್ತರರು.

ಆ ಕಾಲದ ಕ್ಯಾಸೆಟ್ಟಿನಲ್ಲಿ ಪ್ರೋಗ್ರಾಂ ಶಬ್ದವಾಗಿ ಇರುತ್ತಿತ್ತು, ಯಂತ್ರ ಅದನ್ನು ಕೇಳಿ ತನ್ನೊಳಗೆ ತೆಗೆದುಕೊಳ್ಳಬೇಕಿತ್ತು. ಮೊದಲು ‘ಕೀ’ ಎಂದು ಒಂದೇ ಸ್ವರ, ಆಮೇಲೆ ಹಂಚಿನ ಮೇಲೆ ಮೊಳೆ ಎಳೆದಂಥ ಕಿರುಚಾಟ. ನಾಲ್ಕು ನಿಮಿಷ ಕಿರುಚಿದ ಮೇಲೆ, ಮೂರರಲ್ಲಿ ಎರಡು ಸಲ, ಯಂತ್ರ ತನಗೇನೂ ತಿಳಿಯಲಿಲ್ಲ ಎನ್ನುತ್ತಿತ್ತು. ಮತ್ತೆ ಮೊದಲಿನಿಂದ ಶುರು.

ಸಂಗೀತದ ಮಾಸ್ತರರು ಕಣ್ಣು ಮುಚ್ಚಿ ಕೂತಿದ್ದರು. ನಾನು ಟೇಪು ಹಚ್ಚಿದೆ. ಕ್ಷಣದಲ್ಲೇ, “ಇದು ಹತ್ತಂಗಿಲ್ರಿ” ಎಂದರು. ನಾಲ್ಕು ನಿಮಿಷ ಕಾದೆವು. ಹತ್ತಲಿಲ್ಲ. ಮತ್ತೆ ಹಚ್ಚಿದೆ. “ಈಗೂ ಹತ್ತಂಗಿಲ್ಲ.” ಹತ್ತಲಿಲ್ಲ. ಮೂರನೆಯ ಸಲ ಅವರು ಹಾರ್ಮೋನಿಯಂ ಪೆಟ್ಟಿಗೆಯೊಳಗಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು, ಟೇಪ್ ರೆಕಾರ್ಡರಿನ ಬಾಯಲ್ಲಿದ್ದ ಒಂದು ಪುಟ್ಟ ತಿರುಪನ್ನು ಸ್ವರ ಕೇಳುತ್ತ ಕೇಳುತ್ತ ತಿರುವಿದರು. “ಹಾಂ. ಈಗ ಬಿಡ್ರಿ.” ಆಮೆ ಟಿವಿಯ ಮೇಲೆ ಬಂದು ನಿಂತಿತು.

ನಾನು ಇಂಜಿನಿಯರಿಂಗ್ ಓದಿದವ. ಗೌರವದಿಂದ ಕೇಳಿದೆ, “ಹೇಗೆ ಗೊತ್ತಾಯ್ತು?”

“ದನಿ ಗೊಗ್ಗರ ಇತ್ತು. ಗಂಟಲ ಕೆಟ್ಟವರು ಹೇಳಿದ್ದು ಯಾರಿಗೆ ತಿಳೀತೈತ್ರಿ?” ಎಂದು, ಸ್ಕ್ರೂಡ್ರೈವರ್ ಒರೆಸಿ ಇಡುತ್ತ ಹೇಳಿದರು, “ಆದ್ರ ನಿಮ್ಮ ಸ್ವರ ಭಾಳ ಸಣ್ಣದಾತು. ಐದು ಸೆಕೆಂಡ್. ನಾ ಶ್ರುತಿ ಹಿಡಿಯೂದರಾಗ ನೀವು ಹಾಡಾಕ ಚಾಲೂ ಮಾಡಿಬಿಡ್ತೀರಿ. ಸ್ವಲ್ಪ ಉದ್ದ ಬಿಡ್ರಿ.”

ಆ ವರ್ಷ ನನಗೆ ಸಿಕ್ಕ ಮೊದಲನೆಯ ನಿಜವಾದ ಅಭಿಪ್ರಾಯ ಅದು. ಮುಂದಿನ ಕ್ಯಾಸೆಟ್ಟಿನ ಮೊದಲಿಗೆ ಪೂರ್ತಿ ಒಂದು ನಿಮಿಷ ‘ಕೀ’ ಎಂಬ ಸ್ವರ ಇಟ್ಟೆ. ಸಂಗೀತದ ಮಾಸ್ತರರು ಸಂತೋಷಪಟ್ಟರು, ಆ ಶನಿವಾರ ತುಳಸಿಗೇರಿ ಹನಮಪ್ಪನಿಗೆ ನನ್ನ ಹೆಸರಿನಲ್ಲೂ ಒಂದು ಕಾಯಿ ಒಡೆಸಿದರು.

ಉಳಿದ ಮೂರು ಶಾಲೆಗಳಿಗೆ ಈ ಹಿನ್ನೆಲೆ ಗೊತ್ತಿರಲಿಲ್ಲ. ಟೇಪು ಶುರುವಾಗಿ ಸ್ವರ ಎದ್ದ ಕೂಡಲೇ ಮಾಸ್ತರರು ಎದ್ದು ನಿಂತರು, ಮಕ್ಕಳೂ ಎದ್ದು ನಿಂತರು, ಎಲ್ಲರೂ ಕೈ ಜೋಡಿಸಿ ಒಂದು ನಿಮಿಷ ಕಣ್ಣು ಮುಚ್ಚಿದರು. ಹುನಗುಂದದಲ್ಲಿ ನಾನು, ಇದು ಪ್ರಾರ್ಥನೆಯಲ್ಲ, ನಿಲ್ಲಬೇಕಾಗಿಲ್ಲ ಎಂದು ತಿಳಿಸಿ ಹೇಳಿದೆ. ಅಲ್ಲಿಯ ವಿಜ್ಞಾನದ ಮಾಸ್ತರರು ನನ್ನನ್ನು ಪಕ್ಕಕ್ಕೆ ಕರೆದರು.

“ಇರ್ಲಿ ಬಿಡ್ರಿ. ನಿಂತ ದಿನ ಪಾಠ ಹತ್ತತೈತಿ.”

೩. ಮೂಡಲಕ್ಕ ಹೋಗು

ಆಮೆ ತಿರುಗಲು ನಾನು ‘ಎಡ’, ‘ಬಲ’ ಎಂಬ ಎರಡು ಆಜ್ಞೆ ಇಟ್ಟಿದ್ದೆ. ಬಾದಾಮಿಯ ಭೂಗೋಳದ ಮಾಸ್ತರರಿಗೆ ಅದು ಸರಿಬರಲಿಲ್ಲ. ಪಡಸಾಲೆಯಲ್ಲಿ ಚಾ ಕುಡಿಯುತ್ತ ಹೇಳಿದರು:

“ನಮ್ಮ ಮಕ್ಕಳು ಮನ್ಯಾಗ ಎಡ ಬಲ ಅನ್ನೂದಿಲ್ರಿ. ಅವರವ್ವ, ‘ಆ ತಂಬಿಗಿ ಮೂಡಲಕ್ಕ ಸರಸು’ ಅಂತಾಳ. ‘ಪಡವಲಕ್ಕ ಮಗ್ಗಲಾಗಿ ಮಲ್ಕೋ’ ಅಂತಾಳ. ನೀವು ದಿಕ್ಕಿನ ಲೆಕ್ಕದಾಗ ಹೇಳ್ರಿ, ಹೆಂಗ ಓಡತಾರ ನೋಡ್ರಿ.”

ನನಗೆ ಅನುಮಾನವಿತ್ತು. ಆ ಮಧ್ಯಾಹ್ನ ಅವರ ಮನೆಯಲ್ಲೇ ಊಟ. ರೊಟ್ಟಿ ಬಡಿಸುತ್ತಿದ್ದ ಅವರ ತಾಯಿ, “ತಮ್ಮಾ, ಒಂದೀಟು ಬಡಗಲಕ್ಕ ಸರಿ, ಬಿಸಲು ಬೀಳಾಕತೈತಿ” ಎಂದರು. ಇಂಜಿನಿಯರಿಂಗ್ ಓದಿದ ನಾನು ತೆಂಕಲಕ್ಕೆ ಸರಿದು ಪೂರ್ತಿ ಬಿಸಿಲಿನಲ್ಲಿ ಕೂತೆ. ಅನುಮಾನ ಪರಿಹಾರವಾಯಿತು.

ಎಡ ಬಲ ತೆಗೆದೆ. ಮೂಡಲ, ಪಡವಲ, ಬಡಗಲ, ತೆಂಕಲ ಇಟ್ಟೆ. ಬಾದಾಮಿಯಲ್ಲಿ ಮಕ್ಕಳು ನಿಜವಾಗಿಯೂ ಓಡಿದರು. ಅಲ್ಲಿ ಟಿವಿ ಬಡಗಲ ಗೋಡೆಗೆ ಇತ್ತು. ನೋಡುವವರ ಬಲಕ್ಕೆ ಮೂಡಲ, ಎಡಕ್ಕೆ ಪಡವಲ, ಥೇಟ್ ನಕಾಶೆ. “ಆಮಿಗೆ ಈಗ ದಿಕ್ಕು ತಿಳೀತು” ಎಂದರು ಮಾಸ್ತರರು.

ಅದೇ ಕ್ಯಾಸೆಟ್ ಹಿಡಿದು ಹುನಗುಂದಕ್ಕೆ ಹೋದೆ. ಅಲ್ಲಿ ಕರೆಂಟಿನ ಪ್ಲಗ್ ಪಡವಲ ಗೋಡೆಗಿತ್ತು, ಆದ್ದರಿಂದ ಟಿವಿಯೂ ಪಡವಲ ಗೋಡೆಗೆ. ಒಬ್ಬ ಹುಡುಗ ‘ಮೂಡಲ 50’ ಎಂದು ಬರೆದ. ಆಮೆ ಟಿವಿಯ ಬಲಗಡೆಗೆ ಹೊರಟಿತು. ಇಡೀ ತರಗತಿ ಒಂದೇ ದನಿಯಲ್ಲಿ, “ತಪ್ಪ್ರೀ!” ಎಂದಿತು.

ವಿಜ್ಞಾನದ ಮಾಸ್ತರರು ಆತುರದವರಲ್ಲ. ಹೊರಗೆ ಹೋಗಿ ಸೂರ್ಯನನ್ನು ನೋಡಿ ಬಂದರು. “ಮಕ್ಕಳು ಹೇಳೂದು ಖರೆ ಐತ್ರಿ. ನಿಮ್ಮ ಆಮಿ ಬಡಗಲಕ್ಕ ಹೊಂಟೈತಿ.”

“ಹಾಗಾದರೆ ಮೂಡಲಕ್ಕೆ ಹೋಗಬೇಕೆಂದರೆ?”

ಅವರು ಟಿವಿ ನೋಡಿದರು, ಎದುರಿನ ಗೋಡೆ ನೋಡಿದರು, ನಡುವೆ ನಿಂತಿದ್ದ ತಮ್ಮನ್ನು ನೋಡಿಕೊಂಡರು. “ಗಾಜು ಒಡಕೊಂಡು ಹೊರಗ ಬರಬೇಕ್ರಿ. ಬಂದು ನನ್ನ ಎದಿ ಮ್ಯಾಲೆ ಹಾದು ಹೋಗಬೇಕು.”

ಟಿವಿ ಸರಿಸೋಣವೆಂದರೆ ವೈರು ಸಾಲದು. ಪ್ಲಗ್ ಬದಲಿಸಲು ಎರಡು ಇಲಾಖೆ ಒಪ್ಪಬೇಕು. ಪಾಠ ಬದಲಿಸಲು ನನ್ನದೊಂದು ಭಾನುವಾರ ಹಾಳಾದರೆ ಸಾಕು. ಎಡ ಬಲಕ್ಕೇ ಹಿಂತಿರುಗಿದೆ, ಆದರೆ ಹುನಗುಂದದ ಮಾಸ್ತರರ ಒಂದು ಮಾತು ಸೇರಿಸಿಕೊಂಡೆ: “ಆಮಿಗೆ ಉಣ್ಣೂ ಕೈ ಯಾವುದು ಅಂತ ತೋರಸ್ರಿ, ಸಾಕು. ಅದು ಎತ್ತಾಗ ಮಾರಿ ಮಾಡಿ ನಿಂತ್ರೂ ಉಣ್ಣೂ ಕೈ ಬದಲಾಗಂಗಿಲ್ಲ.” ತ್ರಿಕೋನದ ಬಲಕ್ಕೆ ಒಂದು ಚುಕ್ಕೆ ಇಟ್ಟು, ಆಜ್ಞೆಗೆ ‘ಉಣ್ಣುಕೈ’ ಎಂದು ಹೆಸರಿಟ್ಟೆ. ನಾಲ್ಕೂ ಊರಿನಲ್ಲಿ ಗೊಂದಲ ನಿಂತಿತು.

ಎಡಗೈಗೆ ಮಕ್ಕಳು ಸೂಚಿಸಿದ ಹೆಸರು ಅದಕ್ಕಿಂತಲೂ ಸ್ಪಷ್ಟವಾಗಿತ್ತು. ಇಲಾಖೆಗೆ ಕಳಿಸುವ ಕಾಗದದಲ್ಲಿ ಅದನ್ನು ಬರೆಯುವಂತಿರಲಿಲ್ಲವಾಗಿ ‘ಇನ್ನೊಂದುಕೈ’ ಎಂದು ಇಟ್ಟೆ.

೪. ಸೀಟಿ

ಹುನಗುಂದದ ಈ ಮಾಸ್ತರರು ಕಮತಗಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವರು. ಮನೆಯಲ್ಲಿ ಕುರಿ, ಮನೆದೇವರು ಬೀರಪ್ಪ. ಸಂಜೆ ಇಬ್ಬರೂ ಬಸ್ಸಿಗೆ ಕಾಯುತ್ತಿದ್ದೆವು. ಅವರು ಚುರುಮುರಿ ಮೆಲ್ಲುತ್ತ ಕೇಳಿದರು:

“ಒಂದು ಚೌಕ ತಗಿಯಾಕ ಆ ಆಮಿಗೆ ಎಷ್ಟು ಸಲ ಹೇಳಬೇಕ್ರಿ?”

“ಹೋಗು, ತಿರುಗು, ಹೋಗು, ತಿರುಗು, ಹೋಗು, ತಿರುಗು, ಹೋಗು. ಏಳು.”

“ನಮ್ಮಪ್ಪಂದು ನೂರಾ ಇಪ್ಪತ್ತು ಕುರಿ. ಒಂದೊಂದಕ್ಕ, ‘ಏ, ನೀ ತಿರುಗು; ಏ, ನೀನೂ ತಿರುಗು’ ಅನಕೋತ ಕುಂತ್ರ ಹೊತ್ತು ಮುಣಗತೈತಿ. ಆವಾ ಹೇಳೂದು ಒಂದ ಸೀಟಿ. ಎಲ್ಲಾ ತಿರಗತಾವು. ನಿಮ್ಮ ಆಮಿಗೊಂದು ಸೀಟಿ ಕಲಸ್ರಲ್ಲ.”

ಒಂದೇ ಆಜ್ಞೆಯನ್ನು ಬೇಕಾದಷ್ಟು ಸಲ ಮಾಡಿಸುವ ಉಪಾಯ ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಮಕ್ಕಳಿಗೆ ಬಹಳ ಕಷ್ಟವೆಂದು ಅದನ್ನು ಎರಡನೆಯ ವರ್ಷಕ್ಕೆ ತೆಗೆದಿಟ್ಟಿದ್ದೆ. ಕುರಿಗಳಿಗೆ ತಿಳಿಯುತ್ತದೆ ಎಂದಮೇಲೆ ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ‘ಸೀಟಿ 4’ ಎಂದು ಬರೆದು ಮುಂದೆ ಆಜ್ಞೆ ಕೊಟ್ಟರೆ ಆಮೆ ಅದನ್ನು ನಾಲ್ಕು ಸಲ ಮಾಡುವಂತೆ ತಿದ್ದಿದೆ.

ಹದಿನೈದು ದಿನದ ಮೇಲೆ ಬಾಗಲಕೋಟೆಯ ಹೆಡ್‌ಮಾಸ್ತರರು ನನ್ನನ್ನು ಬಾಗಿಲಲ್ಲೇ ತಡೆದರು.

“ಏನ್ ಕಲಿಸೀರಿ ನಮ್ಮ ಹುಡುಗೂರಿಗೆ? ಕ್ಲಾಸಿನಾಗ ಸೀಟಿ ಹೊಡ್ಯಾಕ ಹತ್ಯಾರ! ಹೆಣ್ಣಮಕ್ಕಳೂ! ಕೇಳಿದ್ರ ಅಭ್ಯಾಸ ಅಂತಾರ.”

ಹೆಸರು ಬದಲಿಸಿ ‘ಸಲ’ ಎಂದು ಮಾಡಿದೆ. ‘ಸಲ 4’. ಸಭ್ಯವಾಗಿತ್ತು. ಕಮತಗಿಯ ಮಾಸ್ತರರಿಗೆ ತಿಳಿಸಿದೆ. ಅವರು, “ಕುರಿಗೆ ಹೆಡ್‌ಮಾಸ್ತರ ಇರೂದಿಲ್ಲ ನೋಡ್ರಿ, ಅದಕ್ಕ ಲಗೂ ಕಲೀತಾವು” ಎಂದರು.

ಸಭ್ಯವಾದದ್ದನ್ನು ಮಕ್ಕಳು ಮುಟ್ಟಲಿಲ್ಲ. ಜನವರಿ ಬಂತು. ನಾಲ್ಕೂ ಊರಿನಲ್ಲಿ ಮಕ್ಕಳು ಮಾಸ್ತರರು ಹೇಳಿದ ಏಳು ಸಾಲನ್ನೇ ಬಾಯಿಪಾಠ ಮಾಡಿ ಚೌಕ ತೆಗೆಯುತ್ತಿದ್ದರು. ‘ಸಲ’ ಯಾರಿಗೂ ಬೇಕಾಗಲಿಲ್ಲ. ರಸ್ತೆಯಲ್ಲಿ ಲಾರಿ ಕಂಡರೆ ನಾನು ಮುಖ ತಿರುಗಿಸುತ್ತಿದ್ದೆ.

೫. ತೊಂಬತ್ತೆಂಟು

ಇಳಕಲ್ಲಿನ ಗಣಿತದ ಮಾಸ್ತರರ ಖ್ಯಾತಿ ನಾನು ಅವರನ್ನು ನೋಡುವ ಮೊದಲೇ ನನ್ನನ್ನು ತಲುಪಿತ್ತು. ತಪ್ಪು ಮಾಡಿದವರಿಗೆ ಅವರದು ಒಂದೇ ಶಿಕ್ಷೆ: ನೂರು ಸಲ ಬರೆಯುವುದು. ಇಂಥ ಶಿಕ್ಷೆ ಎಲ್ಲ ಶಾಲೆಗಳಲ್ಲೂ ಇತ್ತು, ಆದರೆ ಬರೆದದ್ದನ್ನು ಎಣಿಸುವ ಮಾಸ್ತರರು ಇವರೊಬ್ಬರೇ. ಸಾಲಿಗೊಂದು ಕೆಂಪು ಪೆನ್ಸಿಲ್ಲಿನ ಚುಕ್ಕೆ. ಒಮ್ಮೆ ಒಬ್ಬನ ಹಾಳೆಯಲ್ಲಿ ತೊಂಬತ್ತೆಂಟು ಇದ್ದವಂತೆ. ಹತ್ತು ಸಲ ಹೆಚ್ಚಿಗೆ ಬರೆಸಿದರಂತೆ. ಎರಡು, ಬಿಟ್ಟದ್ದಕ್ಕೆ. ಎಂಟು, ಗುರುಗಳು ಎಣಿಸುವುದಿಲ್ಲ ಎಂದು ತಿಳಿದದ್ದಕ್ಕೆ.

ಅವರ ಸಲಹೆಯೂ ನೇರವಾಗಿತ್ತು.

“ನಿಮ್ಮ ಯಂತ್ರ ತಪ್ಪು ಮಾಡಿದವರಿಗೆ ‘ಮತ್ತೊಮ್ಮೆ ಪ್ರಯತ್ನಿಸು’ ಅಂತೈತಿ. ಇದೇನ್ರಿ, ಬೀಗರನ್ನ ಊಟಕ್ಕ ಎಬ್ಬಿಸಿದಂಗ? ಮೂರು ತಪ್ಪು ಆದ್ರ ನಿಂತುಬಿಡಬೇಕು. ‘ಇನ್ನೊಮ್ಮೆ ತಪ್ಪು ಮಾಡೂದಿಲ್ಲ’ ಅಂತ ನೂರು ಸಲ ಬರಸ್ಬೇಕು. ಬರಿಯೂತನಕ ಮುಂದ ಹೋಗಬಾರದು.”

ಶಿಕ್ಷೆ ಮತ್ತು ಕಲಿಕೆಯ ಬಗ್ಗೆ ನಾನು ಓದಿದ್ದ ತತ್ವವನ್ನು ಅವರಿಗೆ ಹೇಳಿದೆ. ಶಾಲೆಯ ಹಿಂದಿನ ಓಣಿಯಿಂದ ಮಗ್ಗಗಳ ಸಪ್ಪಳ ಬರುತ್ತಿತ್ತು. ಅವರು ಆ ಕಡೆ ಬೆರಳು ಮಾಡಿದರು.

“ಅಲ್ಲಿ ಒಂದು ಎಳಿ ತಪ್ಪಿದ್ರ ಸೀರಿ ಕೆಡತೈತ್ರಿ. ಸೀರಿಗೆ ಹೇಳ್ರಿ ನಿಮ್ಮ ತತ್ವ.”

ಮಾಸ್ತರರು ಹೇಳಿದ್ದನ್ನು ಪಾಠದಲ್ಲಿ ಸೇರಿಸುವುದು ನನ್ನ ನೌಕರಿ. ಸೇರಿಸಿದೆ. ಬರೆದದ್ದನ್ನು ಯಂತ್ರವೇ ಎಣಿಸುವಂತೆ, ಪೂರ್ತಿಯಾಗಿ ಬರೆದ ಸಾಲನ್ನು ಮಾತ್ರ ಎಣಿಸುವಂತೆ ಮಾಡಿದೆ. ಮುಗಿದ ಮೇಲೆ, ಜಾಣ ಎಂಬರ್ಥದಲ್ಲಿ, ‘ಶಾಣ್ಯಾ. ಹೋಗಿ ಕೂಡು’ ಎಂದು ತೋರಿಸಬೇಕೆಂದರು, ಅದನ್ನೂ ಇಟ್ಟೆ.

ಮುಂದಿನ ಸಲ ಹೋದಾಗ ಮಾಸ್ತರರ ಮುಖದಲ್ಲಿ ಬೆಳಕಿತ್ತು.

“ಭಾಳ ಛಲೋ ಮಾಡೀರಿ. ನೂರಕ್ಕ ನೂರು ಬರೀತಾರ. ಒಂದಕ್ಷರ ಹೆಚ್ಚಿಲ್ಲ, ಕಡಿಮಿ ಇಲ್ಲ. ಆದ್ರ ಒಂದು ತಿಳೀವಲ್ದು. ಶಿಕ್ಷಾ ಬಂದಾಗಿಂದ ತಪ್ಪು ಹೆಚ್ಚಾಗ್ಯಾವು. ಶಾಣ್ಯಾ ಹುಡುಗೂರೂ ತಪ್ಪು ಮಾಡಾಕ ಹತ್ಯಾರ. ಪಾಳಿ ಹಚ್ಚಿ ಮಾಡ್ತಾರ.”

ನನಗೂ ಕುತೂಹಲವಾಯಿತು. ಹಿಂದಿನ ಬೆಂಚಿನಲ್ಲಿ ಕೂತು ನೋಡಿದೆ. ಮಾಸ್ತರರು ಮೇಜಿನ ಮೇಲೆ ಮಕ್ಕಳ ನೋಟ್‌ಬುಕ್ಕುಗಳನ್ನು ತಿದ್ದುತ್ತಿದ್ದರು. ಮಗ್ಗದ ಮನೆಯ ಒಬ್ಬಳು ಹುಡುಗಿ, ಒಂಬತ್ತನೆಯ ಇಯತ್ತೆ, ಯಂತ್ರದ ಮುಂದೆ ಕೂತು ಬಹಳ ಲಕ್ಷ್ಯಗೊಟ್ಟು ಮೂರು ತಪ್ಪು ಮಾಡಿದಳು. ಯಂತ್ರ ನಿಂತು ಶಿಕ್ಷೆ ವಿಧಿಸಿತು. ಅವಳು ಒಂದೇ ಒಂದು ಸಾಲು ಬರೆದಳು: ‘ಸಲ 100’, ಮುಂದೆ ಆ ವಾಕ್ಯ. ಟಿವಿಯ ಮೇಲೆ ನೂರು ಸಾಲು ಮಳೆಯಂತೆ ಇಳಿದವು. ಮೂರು ಬೆಂಚಿನ ಮಕ್ಕಳು ಬಾಯಿ ಮುಚ್ಚಿಕೊಂಡು ಆನಂದಪಟ್ಟರು. ಆಮೇಲೆ ಮಾಸ್ತರರು ತಲೆ ಎತ್ತುವತನಕ ಅವಳು ನೊಂದ ಬೆರಳುಗಳನ್ನು ನೀವಿಕೊಳ್ಳುತ್ತ ಕೂತಳು.

ತಪ್ಪು ನನ್ನದು. ಯಂತ್ರದ ನೆನಪಿನಲ್ಲಿ ಜಾಗ ಉಳಿಸಲೆಂದು, ಆಜ್ಞೆ ಓದುವ ಭಾಗವನ್ನೇ ಶಿಕ್ಷೆಗೂ ಬಳಸಿದ್ದೆ. ಆದ್ದರಿಂದ ‘ಸಲ’ ಅಲ್ಲಿಯೂ ನಡೆಯುತ್ತಿತ್ತು. ಪಡಸಾಲೆಯಲ್ಲಿ ಅವಳನ್ನು ಕೇಳಿದೆ, “ಇದನ್ನು ಯಾರು ಹೇಳಿಕೊಟ್ಟರವ್ವಾ?”

“ಯಾರೂ ಇಲ್ರಿ ಸರ. ಮೊದಲನೇ ಸಲ ಬೆರಳು ಭಾಳ ನೂಸಿದ್ವು. ಅದಕ್ಕ ಯಂತ್ರಕ್ಕ ಹೇಳಿ ನೋಡಿದೆ.” ಆಮೇಲೆ ಸುತ್ತ ನೋಡಿ, “ಗುರುಗಳಿಗೆ ಹೇಳಬ್ಯಾಡ್ರಿ” ಎಂದಳು.

ತಿದ್ದಬೇಕಿತ್ತು. ಆದರೆ ಒಂದು ವರ್ಷ ನಾಲ್ಕು ಊರು ತಿರುಗಿ ನಾನು ಕಲಿಸಲಾಗದ್ದನ್ನು ಆ ತಪ್ಪು ಒಂದು ವಾರದಲ್ಲಿ ಇಡೀ ತರಗತಿಗೆ ಕಲಿಸಿತ್ತು. ಆ ದಿನದ ವರದಿಯಲ್ಲಿ ‘ಪಾಠದ ದೋಷಗಳು’ ಎಂಬ ಪ್ರಶ್ನೆಯ ಮುಂದೆ ನಾನು ‘ತೃಪ್ತಿಕರ’ ಎಂದು ಬರೆದೆ. ಬಾಗಲಕೋಟೆಯ ಹೆಡ್‌ಮಾಸ್ತರರನ್ನು ಆವತ್ತು ಕ್ಷಮಿಸಿದೆ.

೬. ಸಾಹೇಬರು

ಮಾರ್ಚಿನಲ್ಲಿ ಅಧಿಕಾರಿಗಳು ಬಂದರು. ನಾಲ್ಕು ಶಾಲೆಗಳಲ್ಲಿ ಇಳಕಲ್ಲನ್ನೇ ಆರಿಸಿದ್ದಕ್ಕೆ ಟಿಪ್ಪಣಿಯಲ್ಲಿ ‘ಆಡಳಿತಾತ್ಮಕ ಕಾರಣ’ ಎಂದಿತ್ತು. ಜೀಪಿನ ಡ್ರೈವರ್ ಹೇಳಿದ ಪ್ರಕಾರ ಅವರ ಮನೆಯವರು ಸೀರೆ ತರಲು ಹೇಳಿದ್ದರು.

ಟೇಪು ಹಚ್ಚಿದೆವು. ಸ್ವರ ಎದ್ದಿತು. ಇಡೀ ತರಗತಿ ಎದ್ದು ಕೈ ಜೋಡಿಸಿತು. ಸಾಹೇಬರೂ ಗಡಬಡಿಸಿ ಎದ್ದು ನಿಂತರು. ನಿಮಿಷದ ಮೇಲೆ ಕೂತು ನನ್ನ ಕಿವಿಯಲ್ಲಿ, “ಇದು ಯಾವ ಪ್ರಾರ್ಥನೇರೀ?” ಎಂದರು. “ಸ್ಥಳೀಯ ಸಲಹೆ ಸರ್” ಎಂದೆ.

ಇಳಕಲ್ಲಿನ ಹೆಡ್‌ಮಾಸ್ತರರು ಒಬ್ಬ ಹುಡುಗನನ್ನು ತಯಾರು ಮಾಡಿ ಮುಂದೆ ಕೂರಿಸಿದ್ದರು. ಅವನು ಒಂದೇ ಉಸಿರಿನಲ್ಲಿ ಹದಿನೆಂಟು ಸಾಲು ಬರೆದು ಒಂದು ಮನೆಯ ಚಿತ್ರ ತೆಗೆದ. ಸಾಹೇಬರು, “ಚೆನ್ನಾಗಿದೆ ಕಣಪ್ಪಾ. ಈಗ ಮನೆ ಬೇಡ. ನಿನ್ನ ಮನಸ್ಸಿಗೆ ಬಂದಿದ್ದು ಏನಾದ್ರೂ ಬರಿ” ಎಂದರು.

ಹುಡುಗ ಬಹಳ ಯೋಚಿಸಿ, “ನನ್ನ ಮನಸಿಗೆ ಮನಿನ ಬರತೈತ್ರಿ” ಎಂದ.

ಸಾಹೇಬರು ಪುಸ್ತಕ ತೆಗೆದು ಏನೋ ಗುರುತು ಹಾಕಿಕೊಂಡರು. ‘ಬಾಯಿಪಾಠ’ ಎಂಬ ಪದವನ್ನು ನಾನು ತಲೆಕೆಳಗಾಗಿಯೂ ಓದಬಲ್ಲೆ. ಕಿಟಕಿಯ ಹೊರಗೆ ಯಾವುದೋ ಲಾರಿ ಹಾರ್ನ್ ಹೊಡೆಯಿತು.

“ಏಳಪ್ಪ, ನಾನೇ ನೋಡ್ತೀನಿ” ಎಂದು ಸಾಹೇಬರು ಯಂತ್ರದ ಮುಂದೆ ಕೂತರು. ಮೊದಲು ತಮ್ಮ ಹೆಸರು ಬರೆದರು. ಯಂತ್ರ ‘ತಪ್ಪು 1’ ಎಂದಿತು. ತಮ್ಮ ಹುದ್ದೆ ಬರೆದರು. ‘ತಪ್ಪು 2’. ಬೇಸರದಿಂದ ಸಿಕ್ಕ ಗುಂಡಿ ಒತ್ತಿದರು. ‘ತಪ್ಪು 3’. ಟಿವಿ ಒಮ್ಮೆ ಕಪ್ಪಾಗಿ, ಶಿಕ್ಷೆ ಮೂಡಿತು.

“ಏನ್ರೀ ಇದು?”

ಗಣಿತದ ಮಾಸ್ತರರು ಎದ್ದು ನಿಂತು, “ನೂರು ಸಲ ಬರೀಬೇಕ್ರಿ ಸಾಹೇಬ್ರ” ಎಂದರು.

“ಏ ಮಾಸ್ತರ! ಬಂದ್ ಮಾಡ್ರಿ ಅದನ್ನ!” ಹೆಡ್‌ಮಾಸ್ತರರ ಕೈ ಸ್ವಿಚ್ಚಿನ ಕಡೆ ಹೋಯಿತು.

“ಬಂದ್ ಮಾಡಿದ್ರ ಮತ್ತ ಮೊದಲಿಂದ ಟೇಪ್ ಹಚ್ಚಬೇಕ್ರಿ. ಮತ್ತ ಎಲ್ಲಾರೂ ಎದ್ದು ನಿಂದ್ರಬೇಕು.”

ಸಾಹೇಬರು ಹಟವಾದಿ ಇರಬೇಕು. ಒಂದೇ ಬೆರಳಿನಿಂದ ಶುರು ಮಾಡಿದರು. ‘ಇನ್ನೊಮ್ಮೆ ತಪ್ಪು’ ತನಕ ಬಂದು, ಸಾಕಾಗಿ, ಅಷ್ಟಕ್ಕೇ ಸಾಲು ಮುಗಿಸುವ ಗುಂಡಿ ಒತ್ತಿಬಿಟ್ಟರು. ಗಡಿಯಾರ ನೋಡಿಕೊಂಡರು. ಸೀರೆ ಅಂಗಡಿ ಮುಚ್ಚುವ ಹೊತ್ತು.

ಆಗ ಮಗ್ಗದ ಮನೆಯ ಹುಡುಗಿ ಎದ್ದಳು. “ಸಾಹೇಬ್ರದು ನಾ ಬರೀಲ್ಯಾ ಸರ?” ಎಂದವಳು ಯಾರ ಉತ್ತರಕ್ಕೂ ಕಾಯದೆ ಮುಂದೆ ಬಂದಳು. “ಒಂದು ಅವರ ಬರದಾರ, ಉಳಿದದ್ದು ತೊಂಬತ್ತೊಂಬತ್ತು” ಎಂದು ತನ್ನಷ್ಟಕ್ಕೆ ಹೇಳಿಕೊಂಡು ಒಂದು ಸಾಲು ಬರೆದಳು. ಟಿವಿ ತುಂಬ ಸಾಲುಗಳು ಇಳಿಯತೊಡಗಿದವು. ಸಾಹೇಬರು ಕುರ್ಚಿ ಹಿಂದೆ ಸರಿಸಿ ಎದ್ದರು. ಗಣಿತದ ಮಾಸ್ತರರು ಟಿವಿಯನ್ನು ನೋಡಿದರು, ಆಮೇಲೆ ನಿಧಾನವಾಗಿ ಒಂದೊಂದೇ ಬೆಂಚನ್ನು ನೋಡಿದರು. ಬೆಂಚುಗಳು ನೆಲ ನೋಡಿದವು.

“ಇದನ್ನ ಯಾರಮ್ಮ ಹೇಳಿಕೊಟ್ಟಿದ್ದು?” ಎಂದರು ಸಾಹೇಬರು.

ಅವಳು ನನ್ನನ್ನು ನೋಡಿದಳು. ನಾನು ಫ್ಯಾನು ನೋಡಿದೆ. “ಯಾರೂ ಇಲ್ರಿ” ಎಂದಳು.

“ನಿಮ್ಮ ಮೇಷ್ಟ್ರು?”

“ನಾನಾ?” ಮಾಸ್ತರರಿಗೆ ಅವಮಾನವಾಯಿತು. “ನನಗ ಗೊತ್ತಿದ್ರ ಈಕಿಗೆ ಇನ್ನೂರು ಸಲ ಬರಸ್ತಿದ್ದೆ!”

“ಇನ್ನೂರಾದ್ರೆ ಏನಮ್ಮಾ ಮಾಡ್ತಿದ್ದೆ?”

“‘ಸಲ ಇನ್ನೂರು’ ಅಂತ ಹೊಡೀತಿದ್ದೆರಿ.”

ಸಾಹೇಬರು ನಕ್ಕರು. ಪುಸ್ತಕ ತೆಗೆದು, ಮೊದಲಿನ ಗುರುತನ್ನು ಹೊಡೆದುಹಾಕಿ ಬೇರೆ ಬರೆದರು. ಒಂದು ಮಗು, ಮಾಸ್ತರರ ಸಹಾಯವಿಲ್ಲದೆ, ಇಲ್ಲಿಯಂತೂ ಮಾಸ್ತರರ ಇಚ್ಛೆಗೆ ವಿರುದ್ಧವಾಗಿ, ತನ್ನ ತಲೆಯಿಂದ ಬರೆದ ಆಜ್ಞೆ. ನಾಲ್ಕು ಯಂತ್ರ ಉಳಿದವು. ನಾನು ಉಳಿದೆ. ಹೆಡ್‌ಮಾಸ್ತರರು ಚಾ ತರಲು ಕೂಗಿದರು.

ಆದರೆ ಸಾಲುಗಳು ನಿಂತ ಮೇಲೂ ಟಿವಿ ‘ಶಾಣ್ಯಾ’ ಎನ್ನಲಿಲ್ಲ. ‘99. ಇನ್ನೂ 1’ ಎಂದು ಮಿನುಗುತ್ತಿತ್ತು. ಸಾಹೇಬರ ಅರ್ಧ ಸಾಲನ್ನು ಯಂತ್ರ ಎಣಿಸಿರಲಿಲ್ಲ. ಹುಡುಗಿ ಮತ್ತೆ ಕೈ ಚಾಚಿದಳು.

“ಕೈ ತಗಿಯವಾ” ಎಂದರು ಗಣಿತದ ಮಾಸ್ತರರು. ಸಾಹೇಬರ ಕಡೆ ತಿರುಗಿದರು. ಬೆಂಗಳೂರು, ಇಲಾಖೆ, ಜೀಪು ಯಾವುದೂ ಆ ದನಿಗೆ ಗೊತ್ತಿರಲಿಲ್ಲ. “ಇದು ತಮ್ಮದ್ರಿ.”

ಸಾಹೇಬರು ಅವರನ್ನು ನೋಡಿದರು, ಹೆಡ್‌ಮಾಸ್ತರರನ್ನು ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಒಂದೇ ಬೆರಳಿನಿಂದ, ಒಂದೊಂದೇ ಅಕ್ಷರ ಹುಡುಕಿ, ಇನ್ನೊಮ್ಮೆ ತಪ್ಪು ಮಾಡುವುದಿಲ್ಲ ಎಂದು ಪೂರ್ತಿ ಬರೆದರು. ಮಾಸ್ತರರು ಹಿಂದೆ ನಿಂತು ಪ್ರತಿ ಅಕ್ಷರಕ್ಕೂ ತಲೆಯಾಡಿಸಿದರು. ಯಂತ್ರ, ‘ಶಾಣ್ಯಾ. ಹೋಗಿ ಕೂಡು’ ಎಂದಿತು. ಸಾಹೇಬರು ಹೋಗಿ ಕೂತರು.

ಹೊರಡುವ ಮುಂಚೆ ಅವರೂ ನಮೂನೆ ಭರ್ತಿ ಮಾಡಬೇಕಿತ್ತು. ಎಲ್ಲದರ ಮುಂದೆ ‘ತೃಪ್ತಿಕರ’ ಎಂದು ಬರೆದರು. ಕೊನೆಗೆ, ಆ ವರ್ಷವೆಲ್ಲ ನಾಲ್ಕು ಊರಿನಲ್ಲಿ ಒಬ್ಬರೂ ಒಂದಕ್ಷರ ಬರೆಯದೆ ಗೀಟು ಎಳೆದಿದ್ದ ಜಾಗಕ್ಕೆ ಬಂದರು. ಬಾಗಿಲಲ್ಲಿ ನಿಂತಿದ್ದ ಗಣಿತದ ಮಾಸ್ತರರ ಕಡೆ ಒಮ್ಮೆ ನೋಡಿ, ಕೈ ಅಡ್ಡ ಹಿಡಿದು, ಸಣ್ಣ ಅಕ್ಷರಗಳಲ್ಲಿ ಬರೆದರು:

‘ಅಧಿಕಾರಿಗಳಿಗೆ ಹತ್ತು ಸಲ ಸಾಕು.’